ಸೀರೆಯ ಉಲ್ಟಾ ಕಡೆ ನೋಡಿದ್ದೀರಾ? – ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೇಲಿ "ಮನೇಲಿರೋ ಒಂದು ಹಳೇ ಬಟ್ಟೆ ತಗೊಂಡು ಒಂದು ತಾಸು ಸುಮ್ನೆ ನೋಡಿ, ಆಮೇಲೆ ಅದ್ರಿಂದ ಏನಾದ್ರೂ ಮಾಡಿ, ಚಿತ್ರ ಬರೀರಿ, ಕಥೆ ಬರೀರಿ, ಹೊಲೀರಿ" ಅಂತ ಬರೆದಿದ್ದೆ. ಅದಕ್ಕೆ ಬಂದ ಇಮೇಲು, ವಾಟ್ಸಾಪು, ಒಂದೆರಡು ಇನ್‌ಲ್ಯಾಂಡ್ ಲೆಟರು (ಹೌದು, ಇನ್ನೂ ಬರೆಯೋರಿದ್ದಾರೆ) ಎಲ್ಲ ಸೇರಿ ಒಂದು ರಾಶಿ ಆಗಿದೆ. ಅರ್ಧ ಜನ "ನೋಡಿದ್ವಿ, ಏನೂ ಕಾಣ್ಲಿಲ್ಲ" ಅಂತಾನೇ ಬರೆದಿದ್ದಾರೆ, ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಾನು ಬಿವಿಎ (ದೃಶ್ಯಕಲಾ ಪದವಿ) ಎರಡನೇ ವರ್ಷದಲ್ಲಿದ್ದೀನಿ. ಒಂದು ಬಟ್ಟೆ ಸ್ಟಡಿ ಮಾಡಿ ಅದ್ರಿಂದ ಹೊಸಾ ಕೆಲಸ ಮಾಡ್ಬೇಕು ಅಂತ ಅಸೈನ್‌ಮೆಂಟ್ ಇದೆ. ನಮ್ಮ ಅಜ್ಜಿದು ಒಂದು ಇಳಕಲ್ ಸೀರೆ ಇದೆ, ಕಡುನೀಲಿ ಒಡಲು, ಕೆಂಪು ಸೆರಗು. ನೀವು ಹೇಳಿದ ಹಾಗೆ ಒಂದು ತಾಸು ನೋಡಿದೆ. "ಕೆಂಪು ಸೆರಗು, ಬಿಳಿ ಡಿಸೈನ್, ತುಂಬಾ ಚೆನ್ನಾಗಿದೆ" ಅನ್ನೋದು ಬಿಟ್ರೆ ನೋಟ್‌ಬುಕ್ಕಲ್ಲಿ ಏನೂ ಬರ್ಲಿಲ್ಲ. ಏನ್ ಮಾಡ್ಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ತಂಗೀ, ಮೊದ್ಲು ಆ "ತುಂಬಾ ಚೆನ್ನಾಗಿದೆ"ಗೆ ಅಡ್ಡಗೆರೆ ಎಳಿ. ಚೆನ್ನಾಗಿದೆ ಅಂದ ಕೂಡ್ಲೇ ಕಣ್ಣು ಕೆಲಸ ನಿಲ್ಲಿಸಿಬಿಡುತ್ತೆ. ನೋಡೋದಕ್ಕಿಂತ ಮೊದ್ಲು ಎಣಿಸು. ಮನೇಲಿ ಹಳೇ ಲಗ್ನಪತ್ರಿಕೆ ಇದ್ದೇ ಇರುತ್ತೆ, ಅದ್ರಲ್ಲಿ ಸರಿಯಾಗಿ ಒಂದು ಇಂಚಿನ ಚೌಕದ ಕಿಟಕಿ ಕತ್ತರಿಸಿ ಸೀರೆ ಮೇಲಿಡು, ಫೋನ್ ಕ್ಯಾಮೆರಾ ಝೂಮ್ ಮಾಡಿ ಆ ಕಿಟಕಿ ಒಳಗೆ ಎಷ್ಟು ಹಾಸು, ಎಷ್ಟು ಹೊಕ್ಕು ಅಂತ ಎಣಿಸಿ ಬರಕೋ. ಯಾವುದು ಹಾಸು ಅಂತ ಗೊತ್ತಾಗ್ಲಿಲ್ಲ ಅಂದ್ರೆ ದಡಿ ನೋಡು, ದಡಿ ಜೊತೆ ಉದ್ದುದ್ದ ಓಡೋದು ಹಾಸು, ಅಡ್ಡ ಬರೋದು ಹೊಕ್ಕು. ಒಡಲಲ್ಲಿ ಒಂದ್ಸಲ, ದಡಿಯಲ್ಲಿ ಒಂದ್ಸಲ, ಸೆರಗಲ್ಲಿ ಒಂದ್ಸಲ ಎಣಿಸು, ಮೂರೂ ಕಡೆ ಲೆಕ್ಕ ಒಂದೇ ಬರುತ್ತಾ ನೋಡು. ಇಷ್ಟು ಮಾಡೋ ಹೊತ್ತಿಗೆ ಅರ್ಧ ತಾಸು ಹೋಗಿರುತ್ತೆ, ಆದ್ರೆ ಸೀರೆ ಅನ್ನೋ ಒಂದೇ ದೊಡ್ಡ ಕೆಂಪು-ನೀಲಿ ಮುದ್ದೆ ಒಡೆದು ದಾರ ದಾರ ಕಾಣೋಕೆ ಶುರುವಾಗಿರುತ್ತೆ.

ಈಗ ಒಡಲು ಮುಗಿದು ಸೆರಗು ಶುರುವಾಗೋ ಜಾಗಕ್ಕೆ ಬಾ. ಕಣ್ಣು ಮುಚ್ಚಿ ಬೆರಳಿಂದ ಸವರು. ಕೈಮಗ್ಗದ ಸೀರೆ ಆಗಿದ್ರೆ ಅಲ್ಲಿ ಅಡ್ಡಕ್ಕೆ ಒಂದು ಸಾಲು ಬೆರಳಿಗೆ ಸಿಗ್ಬೇಕು. ಅದೇ ಕೊಂಡಿ. ಇಳಕಲ್ ಸೀರೆ ಇಳಕಲ್ ಸೀರೆ ಆಗೋದೇ ಅಲ್ಲಿ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ, ಒಡಲಿನ ಒಂದೊಂದು ಎಳೆಯ ಕುಣಿಕೆ ಒಳಗೆ ಸೆರಗಿನ ಕೆಂಪು ರೇಷ್ಮೆ ಎಳೆಯ ಕುಣಿಕೆ ಹಾಕಿ ಒಂದಕ್ಕೊಂದು ಸಿಗಿಸಿರ್ತಾರೆ, ಅಗಲ ಪೂರ್ತಿ. ಯಾಕಿಷ್ಟು ತಾಪತ್ರಯ? ನೀನೇ ಯೋಚನೆ ಮಾಡು, ನೀಲಿ ಹಾಸಿನ ಮೇಲೆ ಕೆಂಪು ಹೊಕ್ಕು ಹಾಕಿದ್ರೆ ಅಪ್ಪಟ ಕೆಂಪು ಬರಲ್ಲ, ಒಂಥರಾ ಮಿಕ್ಸ್ ಬಣ್ಣ ಬರುತ್ತೆ. ಅಪ್ಪಟ ಕೆಂಪು ಸೆರಗು ಬೇಕೇ ಬೇಕು ಅಂದ್ರೆ ಹಾಸೂ ಕೆಂಪಾಗ್ಬೇಕು. ಆ ಒಂದು ಹಟಕ್ಕೋಸ್ಕರ ಪ್ರತಿ ಸೀರೆಗೂ ಹೊಸದಾಗಿ ಹಾಸು ಕೂಡಿಸ್ಬೇಕು, ಬೇರೆ ಕಡೆ ಹಾಗೆ ಒಂದು ಉದ್ದ ಹಾಸು ಹಾಕಿ ಅದ್ರಲ್ಲೇ ನಾಲ್ಕೈದು ಸೀರೆ ನೇಯ್ದು ಕತ್ತರಿಸೋ ಹಾಗಿಲ್ಲ. ಒಂದು ಗೆರೆ, ನಿನ್ನ ನೋಟ್‌ಬುಕ್ಕಲ್ಲಿ ಬರ್ದೇ ಇರೋ ಒಂದು ಗೆರೆ, ಅದ್ರೊಳಗೆ ಇಷ್ಟು ಕೂತಿದೆ. ಕೊಂಡಿ ಸಿಗ್ಲೇ ಇಲ್ವಾ? ಅದೂ ಬರಕೋ. ಕೊಂಡಿ ಇಲ್ಲದ "ಇಳಕಲ್" ಸೀರೆ ಈಗ ಪೇಟೆ ತುಂಬಾ ಇವೆ.

ಆಮೇಲೆ ಸೆರಗಿನ ಬಿಳಿ ಡಿಸೈನ್ ಅಂದ್ಯಲ್ಲ, ಅದಕ್ಕೆ ಹೆಸರಿವೆ. ಬಾಚಣಿಗೆ ಹಲ್ಲಿನ ಹಾಗಿದ್ರೆ ಹಣಿಗೆ, ಗುಡ್ಡದ ಸಾಲಿನ ಥರದ್ದು ರಂಪ, ಮತ್ತೆ ತೋಪುತೆನೆ. ಈ ತೆನೆ ಅನ್ನೋ ಪದದ ಮೇಲೆ ನಾನು ಒಂದು ದಿನ ಪೂರ್ತಿ ಕಳೆದಿದ್ದೀನಿ. ತೆನೆ ಅಂದ್ರೆ ಜೋಳದ ತೆನೆನೂ ಹೌದು, ಕೋಟೆ ಗೋಡೆ ಮೇಲೆ ಸಾಲಾಗಿ ಎದ್ದಿರುತ್ತಲ್ಲ ಆ ತೆನೆನೂ ಹೌದು. ಸೆರಗು ಹಿಡ್ಕೊಂಡು ನೋಡಿದ್ರೆ ಒಂದ್ಸಲ ಹೊಲ ಕಾಣುತ್ತೆ, ಇನ್ನೊಂದ್ಸಲ ಕೋಟೆ ಕಾಣುತ್ತೆ. ಯಾವುದು ಸರಿ ಅಂತ ನನ್ನ ಕೇಳ್ಬೇಡ, ನಿನ್ನ ಅಸೈನ್‌ಮೆಂಟಿಗೆ ಎರಡೂ ಕಾಣೋದೇ ಲಾಭ.

ಮೂರನೇದು, ಸವೆತ. ಪಿನ್ ಚುಚ್ಚಿದ ತೂತು ಎಲ್ಲಿದೆ, ಯಾವ ಮಡಿಕೆ ಸವೆದಿದೆ, ಸೀರೆಗೆ ಫಾಲ್ ಹಚ್ಚಿದೆಯಾ, ಹಚ್ಚಿದ್ರೆ ಆ ಹೊಲಿಗೆ ದಾರ ಸೀರೆಗಿಂತ ಹೊಸಾದಾ. ಹೊಸಾದಾಗಿದ್ರೆ ಸೀರೆ ತಗೊಂಡು ಎಷ್ಟೋ ವರ್ಷ ಆದ್ಮೇಲೆ ಯಾರೋ ಫಾಲ್ ಹಚ್ಚಿಸಿದ್ದಾರೆ ಅಂತಾಯ್ತು, ಯಾರು, ಯಾಕೆ, ಅಜ್ಜಿನಾ ಅಮ್ಮನಾ?

ಆದ್ರೆ ಒಂದು ಎಚ್ಚರಿಕೆ, ಇದು ನಾನು ಪೆಟ್ಟು ತಿಂದು ಕಲ್ತಿದ್ದು. ನಮ್ಮ ಚಿಕ್ಕಮ್ಮನ ಒಂದು ಸೀರೆ ಮೇಲೆ ಕಂದು ಬಣ್ಣದ ಕಲೆ ಇತ್ತು, ಸಾಲಾಗಿ ನಾಲ್ಕು. ನಾನು ಅದನ್ನ ನೋಡಿದ್ದೇ ತಡ, ಆರತಿ ತಟ್ಟೆ ಚೆಲ್ಲಿದ್ದು, ಮದುವೆ ಮನೆ, ಯಾರದೋ ಕಣ್ಣೀರು ಅಂತೆಲ್ಲ ಹದಿನಾರು ಸಾಲಿನ ಕವಿತೆ ಬರೆದು ಒಂದು ಕಾರ್ಯಕ್ರಮದಲ್ಲಿ ಓದಿಯೂ ಬಿಟ್ಟೆ. ಚಿಕ್ಕಮ್ಮ ಮುಂದಿನ ಸಾಲಲ್ಲೇ ಕೂತಿದ್ದರು. ಮನೆಗೆ ಬಂದ್ಮೇಲೆ "ಅಲ್ಲವ್ವ, ಅದು ಟ್ರಂಕಿನ ತುಕ್ಕು, ಮಡಿಚಿಟ್ಟಿದ್ದಕ್ಕ ನಾಲ್ಕು ಕಡೆ ಹತ್ತೇತಿ" ಅಂದ್ರು. ಮಡಿಕೆ ಎಣಿಸಿದ್ರೆ ನನಗೇ ಗೊತ್ತಾಗ್ತಿತ್ತು, ನಾಲ್ಕೂ ಕಲೆ ಒಂದೇ ಆಕಾರ, ಒಂದರ ಕೆಳಗೊಂದು ಬರೋ ಲೆಕ್ಕ. ಅಮೆರಿಕದ ಕಲಾ ಇತಿಹಾಸಕಾರ ಜೂಲ್ಸ್ ಪ್ರೌನ್ 1982ರ ಒಂದು ಪ್ರಬಂಧದಲ್ಲಿ ಇದಕ್ಕೊಂದು ಕ್ರಮ ಹೇಳಿದ್ದಾರೆ, ಮೊದ್ಲು ಇರೋದನ್ನ ಇದ್ದಂಗೆ ವರ್ಣಿಸು, ಆಮೇಲೆ ಅದ್ರಿಂದ ಏನು ತಿಳಿಯುತ್ತೆ ಅಂತ ತರ್ಕ ಮಾಡು, ಕಲ್ಪನೆಗೆ ಜಾಗ ಕೊನೇಲಿ. ನಾನು ಕೊನೇದನ್ನ ಮೊದ್ಲು ಮಾಡಿದ್ದೆ. ಹಾಗಂತ ತುಕ್ಕಿನ ಕವಿತೆ ಸಣ್ಣದೇನಲ್ಲ, ಟ್ರಂಕಲ್ಲಿ ಎಷ್ಟು ವರ್ಷ ಮುಚ್ಚಿಟ್ಟಿದ್ರು, ಯಾಕೆ ಉಡ್ಲಿಲ್ಲ, ಅದು ಆರತಿ ತಟ್ಟೆಗಿಂತ ಒಳ್ಳೇ ಪ್ರಶ್ನೆ ಆಗಿತ್ತು. ಅಷ್ಟೊತ್ತಿಗೆ ಕವಿತೆ ಅಚ್ಚಾಗಿತ್ತು, ಏನ್ ಮಾಡೋದು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಸಣ್ಣ ಕಥೆ ಬರೀತೀನಿ. ಚಿತ್ರ ಬಿಡಿಸೋರಿಗೆ ಬಟ್ಟೆ ನೋಡಿದ್ರೆ ಉಪಯೋಗ ಆಗ್ಬಹುದು, ಕಥೆಗಾರನಿಗೆ ಏನುಪಯೋಗ? ಮನೇಲಿ ಒಂದು ಹಳೇ ಕೌದಿ ಇದೆ, ಅಷ್ಟೇ.
– ಓದುಗರು, ಶಿವಮೊಗ್ಗ

ಉತ್ತರ: ಸರ್, ಕೌದಿ ಇದೆ "ಅಷ್ಟೇ" ಅಂತೀರಲ್ಲ! ಅದು ನಿಮ್ಮ ಮನೆಯ ಹಾಜರಿ ಪುಸ್ತಕ. ಬಿಸಿಲಲ್ಲಿ ಹಾಸಿ ಒಂದೊಂದು ತುಂಡಿಗೂ ನಂಬರ್ ಹಾಕಿ ಪಟ್ಟಿ ಮಾಡಿ: ಇದು ಯಾರ ಸೀರೆ, ಇದು ಯಾರ ಲಂಗ, ಈ ಪಟ್ಟೆಪಟ್ಟೆ ಪೈಜಾಮ ಯಾರದ್ದು. ಮನೇಲಿ ಹಿರಿಯರಿದ್ರೆ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಆದ್ರೆ ಮೊದ್ಲು ನೀವೇ ಊಹೆ ಮಾಡಿ ಬರ್ಕೊಂಡು ಆಮೇಲೆ ಕೇಳಿ, ಎರಡಕ್ಕೂ ಇರೋ ವ್ಯತ್ಯಾಸದಲ್ಲೇ ಕಥೆ ಇರುತ್ತೆ. ಎಲ್ಲಾದ್ರೂ ಹರಿದಿದ್ರೆ ಅಲ್ಲಿಂದ ಒಳಗೆ ಇಣುಕಿ, ಒಳಪದರಕ್ಕೆ ಏನು ಹಾಕಿದ್ದಾರೆ ಅಂತ. ಚೆಂದದ್ದು ಮೇಲೆ, ತೀರಾ ಸವೆದದ್ದು ಒಳಗೆ, ಇದು ಸಾಮಾನ್ಯ. ಆದ್ರೆ ಕೆಲವು ಸಲ ಒಳ್ಳೇ ಗಟ್ಟಿ ಬಟ್ಟೆನೇ ಒಳಗೆ ಸಿಗುತ್ತೆ. ಯಾರ ಬಟ್ಟೆ ಕಣ್ಣಿಗೆ ಬೀಳ್ಬಾರ್ದು ಅಂತ ಒಳಗೆ ಹಾಕಿದ್ರು?

ಇನ್ನೊಂದು, ಹೊಲಿಗೆ ದಿಕ್ಕು ನೋಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಣ್ಮಕ್ಕಳು ಹೊಲಿಯೋ ಕವಂದಿ, ಅಂದ್ರೆ ಅವರ ಕೌದಿ, ನೋಡಿದ್ದೀರಾ, ಅದನ್ನ ಅಂಚಿಂದ ಶುರು ಮಾಡಿ ಸುತ್ತ ಸುತ್ತ ಹೊಲಿದುಕೊಂಡು ನಡುವಿಗೆ ಬಂದು ಮುಗಿಸ್ತಾರೆ, ನಾಲ್ಕು ಮೂಲೆಗೂ ತ್ರಿಕೋನಾಕಾರದ ತುಂಡು ಮಡಿಚಿ ಹಚ್ತಾರೆ, ಅದಕ್ಕೆ ಫೂಲ ಅಂತಾರೆ, ಅದಿಲ್ದಿದ್ರೆ ಕವಂದಿ ಬೆತ್ತಲೆ ಅನ್ನೋದು ಅವರ ಮಾತು. ಈಗ ನೀವು ಕಥೆನ ಯಾವಾಗ್ಲೂ ನಡುವಿಂದ ಶುರು ಮಾಡೋರಾಗಿದ್ರೆ ಒಂದ್ಸಲ ಅಂಚಿಂದ ಶುರು ಮಾಡಿ ನೋಡಿ, ಮನೆಗೆ ಹಾಲು ಹಾಕೋನು, ಪಕ್ಕದ್ಮನೆ ಹುಡುಗ, ದೂರದ ನೆಂಟ, ಹೀಗೆ ಸುತ್ತು ಬಂದು ಬಂದು ಕೊನೇಗೆ ಸತ್ತ ಮನುಷ್ಯನ ಹತ್ರ ಬನ್ನಿ. ಬಟ್ಟೆಯಿಂದ ಕಥೆಗಾರ ತಗೋಬೇಕಾದ್ದು ಇಂಥದ್ದು, ಕಥೇಲಿ ಒಂದು ಕೌದಿ ಹೊದಿಸಿ ಮಲಗಿಸೋದಲ್ಲ.

ಮತ್ತೆ ಮಾತು ಕೂಡ ಅಲ್ಲೇ ಇದೆ ಸರ್. ನಾವು ದಿನಾ "ಹಾಸುಹೊಕ್ಕು" ಅಂತೀವಿ, ಅದು ಮಗ್ಗದ ಮಾತು ಅಂತ ಎಷ್ಟು ಜನಕ್ಕೆ ನೆನಪಿರುತ್ತೆ? ಜೇಡರ ದಾಸಿಮಯ್ಯ ನೇಕಾರರು, ಲಾಳಿ, ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಎಲ್ಲ ಅವರ ವಚನದೊಳಗೆ ಬಂದು ಕೂತಿವೆ. ಅವರು ಪ್ರೇರಣೆ ಹುಡುಕ್ಕೊಂಡು ಮಗ್ಗದ ಹತ್ರ ಹೋದವರಲ್ಲ, ಅಲ್ಲೇ ಕೂತಿದ್ದವರು. ನಾವು ನೀವು ಹೋಗಿ ಕೂರ್ಬೇಕು.

ಪ್ರಶ್ನೆ: ನಾನು ಟೋಟ್ ಬ್ಯಾಗ್, ಮಗ್ ಪ್ರಿಂಟ್ ಮಾಡಿ ಆನ್‌ಲೈನಲ್ಲಿ ಮಾರ್ತೀನಿ. ಕಸೂತಿ ಗೋಪುರ, ಆನೆ, ತುಳಸಿಕಟ್ಟೆ ಡಿಸೈನ್ ಟ್ರೇಸ್ ಮಾಡಿ ಹಾಕಿದ್ದೆ, ಚೆನ್ನಾಗಿ ಹೋಯ್ತು. ಒಬ್ರು "ಇದು ಕಳ್ಳತನ" ಅಂತ ಮೆಸೇಜ್ ಮಾಡಿದ್ದಾರೆ. ಇನ್ಸ್‌ಪಿರೇಷನ್ ತಗೊಳ್ಳೋದು ತಪ್ಪಾ?
– ಓದುಗರು, ಬೆಂಗಳೂರು

ಉತ್ತರ: ನಿಮಗೊಂದು ಹಳೇ ಕಥೆ ಹೇಳ್ತೀನಿ. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರು ಲಂಡನ್ನಿನ ಇಂಡಿಯಾ ಮ್ಯೂಸಿಯಂ ಕಡೆಯಿಂದ 18 ಸಂಪುಟ ಹೊರತಂದರು. ಅದ್ರಲ್ಲಿ ಓದೋಕೆ ಏನೂ ಇಲ್ಲ, ನಮ್ಮ ದೇಶದ ಬಟ್ಟೆಗಳನ್ನ ಕತ್ತರಿಸಿ ಅಂಟಿಸಿದ 700 ಸ್ಯಾಂಪಲ್ಲು. ಇಂಥ 20 ಸೆಟ್ ಮಾಡಿ 13 ಬ್ರಿಟನ್ನಿನ ಊರುಗಳಿಗೆ, 7 ಭಾರತಕ್ಕೆ ಹಂಚಿದರು. ಉದ್ದೇಶ ಏನು ಗೊತ್ತಾ, ಅಲ್ಲಿನ ಮಿಲ್ಲಿನೋರು ಇದನ್ನ ಹತ್ತಿರದಿಂದ ಸ್ಟಡಿ ಮಾಡಿ ಭಾರತದ ಜನಕ್ಕೆ ಹಿಡಿಸೋ ಬಟ್ಟೆ ತಯಾರು ಮಾಡ್ಲಿ ಅಂತ. ಅಷ್ಟು ಸೂಕ್ಷ್ಮವಾಗಿ ನಮ್ಮ ಬಟ್ಟೆನ ಆವಾಗ ಇನ್ಯಾರೂ ನೋಡಿರ್ಲಿಕ್ಕಿಲ್ಲ. ಅಂದ್ರೆ ಹತ್ತಿರದಿಂದ ನೋಡೋದು ಯಾವಾಗ್ಲೂ ಪ್ರೀತಿಯಿಂದಾನೇ ಆಗಿರುತ್ತೆ ಅಂತೇನಿಲ್ಲ. ನಿಮ್ಮ ಮಗ್ ಪ್ರಿಂಟನ್ನ ಅದಕ್ಕೆ ಹೋಲಿಸ್ತಿಲ್ಲ, ಬೇಜಾರಾಗ್ಬೇಡಿ. ಆದ್ರೆ ಟ್ರೇಸಿಂಗ್ ಪೇಪರ್ ಇಟ್ಟು ಎಳ್ಕೊಂಡಿದ್ದನ್ನ ಇನ್ಸ್‌ಪಿರೇಷನ್ ಅಂತ ಕರೀಬೇಡಿ, ಅದು ನಕಲು. ಪ್ರಿಂಟ್ ಮಾಡಿದ್ದಕ್ಕೆ "ಕಸೂತಿ" ಅಂತ ಲೇಬಲ್ ಹಚ್ಚಿ ಮಾರ್ಲೂಬೇಡಿ, ಕಸೂತಿಗೆ ಜಿಐ ಟ್ಯಾಗ್ (ಊರಿನ ಹೆಸರಿಗೆ ಕಾನೂನು ರಕ್ಷಣೆ ಕೊಡೋ ಭೌಗೋಳಿಕ ಗುರುತು) ಇದೆ.

ತಮಾಷೆ ಅಂದ್ರೆ ಕಸೂತಿ ಹಾಕೋರು ಟ್ರೇಸ್ ಮಾಡೋದೇ ಇಲ್ಲ! ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇರಲ್ಲ, ಎಳೆ ಎಣಿಸಿಕೊಂಡೇ ಸೂಜಿ ಹೋಗ್ಬೇಕು. ನೀವು ಒಂದು ಕೆಲಸ ಮಾಡಿ, ಒಂದು ತಿಂಗಳು ಪ್ರಿಂಟಿಂಗ್ ಪಕ್ಕಕ್ಕಿಟ್ಟು ಗವಂತಿ ಹೊಲಿಗೇಲಿ ಒಂದೇ ಒಂದು ಚಿಕ್ಕ ಗೋಪುರ ಹಾಕಿ. ಗವಂತೀಲಿ ಹೋಗ್ತಾ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತೆ, ವಾಪಸ್ ಬರ್ತಾ ಬಿಟ್ಟ ಜಾಗ ತುಂಬಿಕೊಂಡು ಬರ್ಬೇಕು. ಗಂಟು ಹಾಕೋ ಹಾಗಿಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣ್ಬೇಕು. ಹಾಗಾಗಿ ಸೂಜಿ ಒಳಗೆ ಹಾಕೋಕೆ ಮೊದ್ಲೇ ತಲೇಲಿ ದಾರಿ ಪೂರ್ತಿ ಹಾಕಿಕೊಂಡಿರ್ಬೇಕು, ಎಲ್ಲಿಂದ ಹೊರಟೆ, ಯಾವ ಕವಲಿಗೆ ಹೋಗಿ ಬರ್ತೀನಿ, ಮನೆಗೆ ಹೆಂಗೆ ವಾಪಸ್ ಬರ್ತೀನಿ ಅಂತ. ಮಧ್ಯ ಎಲ್ಲೋ ಒಂದು ಎಳೆ ಎಣಿಕೆ ತಪ್ಪಿದ್ರೆ ಗೋಪುರದ ಕಳಸ ಪಕ್ಕಕ್ಕೆ ಹೋಗಿರುತ್ತೆ, ಅದು ನಿಮಗೆ ಗೊತ್ತಾಗೋದು ವಾಪಸ್ ಬರೋವಾಗ, ಬಿಚ್ಚೋದು ಬಿಟ್ರೆ ದಾರಿ ಇಲ್ಲ. ನಾನು ಮೊದಲ ಸಲ ಹಾಕಿದ ಗೋಪುರ ಮೂರು ಸಲ ಬಿಚ್ಚಿದ್ದೀನಿ, ಬಟ್ಟೆ ತೂತು ಬಿದ್ದು ಹೋಗಿತ್ತು.

ಅದಾದ್ಮೇಲೆ ನಿಮಗೆ ಆನೆ, ಗೋಪುರ ಬೇಡ ಅನ್ಸುತ್ತೆ ನೋಡಿ, ಆ "ಹೋದ ದಾರೀಲೇ ವಾಪಸ್ ಬರೋದು" ಅನ್ನೋ ಐಡಿಯಾ ಬೇಕು ಅನ್ಸುತ್ತೆ. ನಿಮ್ಮ ಬಸ್ ರೂಟು, ನಿಮ್ಮ ಗಲ್ಲಿ, ನಿಮ್ಮ ಏರಿಯಾ ವಾಟರ್ ಟ್ಯಾಂಕು, ಇವನ್ನ ಒಂದೇ ಗೆರೇಲಿ ಎತ್ತದೇ ಎಳೆದು ಬ್ಯಾಗಿನ ಒಳಗೂ ಹೊರಗೂ ಒಂದೇ ಥರ ಪ್ರಿಂಟ್ ಮಾಡಿ. ಅದನ್ನ ಕಳ್ಳತನ ಅನ್ನೋರಿಲ್ಲ. ಮತ್ತೆ ಕಸೂತಿನೇ ಬೇಕು ಅಂದ್ರೆ ಕಸೂತಿ ಹಾಕೋರಿಗೆ ದುಡ್ಡು ಕೊಟ್ಟು ಹಾಕಿಸಿ, ಬೆಲೆ ಜಾಸ್ತಿ ಇಡಿ, ಸಿಂಪಲ್.

ಪ್ರಶ್ನೆ: ನಾನು ಇರೋದು ಲಂಡನ್ನಲ್ಲಿ. ಬರೋವಾಗ ತಂದಿದ್ದು ಎರಡು ಸೀರೆ, ಎರಡೂ ಹೊಸದು. ಹಳೇ ಬಟ್ಟೆ ಎಲ್ಲಿಂದ ತರ್ಲಿ? ಮ್ಯೂಸಿಯಮ್ಮಲ್ಲಿ ಗಾಜಿನ ಹಿಂದೆ ಇರುತ್ತೆ, ಕತ್ತಲೆ ಬೇರೆ.
– ಓದುಗರು, ಲಂಡನ್

ಉತ್ತರ: ನೀವು ಪುಣ್ಯ ಮಾಡಿದ್ದೀರಿ. ಪೂರ್ವ ಲಂಡನ್ನಿನ ಒಲಿಂಪಿಕ್ ಪಾರ್ಕಲ್ಲಿ ವಿ ಆಂಡ್ ಎ (ವಿಕ್ಟೋರಿಯಾ ಆಂಡ್ ಆಲ್ಬರ್ಟ್) ಮ್ಯೂಸಿಯಂನವರ ಸ್ಟೋರ್‌ಹೌಸ್ 2025ರ ಮೇ ಕೊನೇಲಿ ಓಪನ್ ಆಯ್ತು. ಅಲ್ಲಿ ಮೊದ್ಲೇ ಬುಕ್ ಮಾಡಿದ್ರೆ ನೀವು ಆರಿಸಿದ ಐದು ವಸ್ತು ತಂದು ಮೇಜಿನ ಮೇಲಿಡ್ತಾರೆ, ದುಡ್ಡಿಲ್ಲ. ಭಾರತದ ಬಟ್ಟೆ ಅವರ ಹತ್ರ ರಾಶಿ ಇದೆ (ಹೇಗೆ ಹೋಯ್ತು ಅಂತ ಮೇಲಿನ ಉತ್ತರ ಓದಿದೋರಿಗೆ ಹೇಳ್ಬೇಕಿಲ್ಲ). ಐದೂ ಕೇಳ್ಬೇಡಿ ಮಾತ್ರ, ಒಂದು ಕೇಳಿ, ಹೆಚ್ಚಂದ್ರೆ ಎರಡು. ಕತ್ತಲೆ ಯಾಕಂದ್ರೆ ಬೆಳಕಿಗೆ ಬಣ್ಣ ಹೋಗುತ್ತೆ, ಹೋದದ್ದು ವಾಪಸ್ ಬರಲ್ಲ, ಅದಕ್ಕೆ ಬೈಬೇಡಿ.

ಫೋಟೋ ಕಡಿಮೆ ತೆಗೀರಿ, ಪೆನ್ಸಿಲಲ್ಲಿ ಬಿಡಿಸಿ. ಅಹಮದಾಬಾದಿನ ಕ್ಯಾಲಿಕೋ ಮ್ಯೂಸಿಯಮ್ಮಲ್ಲಿ ಫೋಟೋ ತೆಗಿಯೋ ಹಾಗೇ ಇಲ್ಲ, ಮೊದ್ಲು ನನಗೆ ಕೋಪ ಬಂದಿತ್ತು, ಈಗ ನೋಡಿದ್ರೆ ಅಲ್ಲಿ ನೋಡಿದ್ದೇ ಜಾಸ್ತಿ ನೆನಪಿದೆ. ಫೋನಲ್ಲಿರೋ ನಾಲ್ಕು ಸಾವಿರ ಫೋಟೋ ಯಾವತ್ತೂ ತೆಗೆದು ನೋಡಿಲ್ಲ.

ಮತ್ತೆ ಹೊಸ ಸೀರೆ ಆದ್ರೇನು, ಅದನ್ನೂ ಎಣಿಸ್ಬಹುದು.

ಪ್ರಶ್ನೆ: ಅಮ್ಮನ ಮೈಸೂರು ಸಿಲ್ಕ್ ಸೀರೆಯ ಜರಿ ಕಪ್ಪಾಗಿದೆ. ನೀವು ಹೇಳಿದ ಹಾಗೆ ನೋಡಿ ಪೇಂಟಿಂಗ್ ಮಾಡೋಣ ಅಂತಿದ್ದೀನಿ. ಮೊದ್ಲು ಪಾಲಿಶ್ ಮಾಡಿಸ್ಲಾ? ಅಪ್ಪಟ ರೇಷ್ಮೆನಾ ಅಂತ ಸುಟ್ಟು ನೋಡ್ಬಹುದಾ?
– ಓದುಗರು, ತುಮಕೂರು

ಉತ್ತರ: ಬೇಡ, ಬೇಡ. ಸರ್ಕಾರಿ ರೇಷ್ಮೆ ನಿಗಮದ (ಕೆಎಸ್ಐಸಿ) ಸೀರೆ ಆಗಿದ್ರೆ ಆ ಜರೀಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ಕಪ್ಪಾಗ್ತಿರೋದು ಬೆಳ್ಳಿ, ಪೂಜೆಯ ಬೆಳ್ಳಿ ದೀಪ ಕಪ್ಪಾಗಲ್ವಾ ಹಾಗೇನೇ. ಆ ಕಪ್ಪನ್ನೇ ಪೇಂಟ್ ಮಾಡಿ! ಎಲ್ಲಿ ಪೂರ್ತಿ ಕಪ್ಪು, ಎಲ್ಲಿ ಇನ್ನೂ ಹೊಳಪು, ಮಡಿಕೆ ಒಳಗಿದ್ದಿದ್ದು ಯಾವುದು, ಹೊರಗಿದ್ದಿದ್ದು ಯಾವುದು, ಅಮ್ಮನ ಬೀರು ನಿಮಗೋಸ್ಕರ ಇಷ್ಟು ವರ್ಷ ಕೂತು ಚಿತ್ರ ಬರೆದಿದೆ. ಸುಟ್ಟು ನೋಡೋದಾದ್ರೆ ತಾನಾಗೇ ಬಿಚ್ಚಿ ಬಂದಿರೋ ಎಳೆ ಇದ್ರೆ ಮಾತ್ರ, ಅರ್ಧ ಇಂಚು ಸಾಕು. ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ, ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ, ಪಾಲಿಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಆಗುತ್ತೆ. ಅಮ್ಮ ಊರಲ್ಲಿಲ್ಲದಾಗ ಮಾಡಿ. ನ್ಯೂಸ್‌ಪೇಪರಲ್ಲಿ ಸುತ್ತಿಡ್ಬೇಡಿ, ನುಸಿಗುಳಿಗೆ ಜರಿಗೆ ತಾಗೋ ಹಾಗೆ ಇಡ್ಬೇಡಿ.

ಪ್ರಶ್ನೆ: ಅಕ್ಕಾ, ನೀವು ಬರೀ ಸೀರೆ ಸೀರೆ ಅಂತೀರಿ. ನಮ್ಮನೇಲಿ ಅಂಥ ಸೀರೆ ಯಾವುದೂ ಇಲ್ಲ. ಅಪ್ಪ ಬಸ್ ಕಂಡಕ್ಟರ್ ಆಗಿದ್ರು, ಎರಡು ವರ್ಷದ ಹಿಂದೆ ತೀರ್ಕೊಂಡ್ರು. ಅವ್ರ ಒಂದು ಖಾಕಿ ಶರ್ಟ್ ಇದೆ, ಅಮ್ಮ ಯಾರಿಗೂ ಕೊಟ್ಟಿಲ್ಲ. ನಾನು ಕಾಮಿಕ್ಸ್ ಬಿಡಿಸ್ತೀನಿ. ಇದೂ ನಡೆಯುತ್ತಾ?
– ಓದುಗರು, ಹಾಸನ

ಉತ್ತರ: ತಮ್ಮಾ, ನಿನ್ನ ಪತ್ರ ಮೊದ್ಲೇ ಓದಿದ್ರೆ ಅಂಕಣ ಪೂರ್ತಿ ನಿನಗೇ ಬರೀತಿದ್ದೆ. ಬೈದದ್ದು ಸರಿಯಾಗಿದೆ.

ಶರ್ಟನ್ನ ಬೆಳಗಿನ ಹೊತ್ತು ಕಿಟಕಿ ಹತ್ರ ನೆಲದ ಮೇಲೆ ಬಿಳೀ ಪಂಚೆ ಹಾಸಿ ಅದ್ರ ಮೇಲಿಡು. ಒಗೀಬೇಡ, ಇಸ್ತ್ರಿ ಮಾಡ್ಬೇಡ. ಮೊದ್ಲು ಎರಡೂ ಭುಜ ಹೋಲಿಸಿ ನೋಡು, ಕ್ಯಾಷ್ ಬ್ಯಾಗಿನ ಪಟ್ಟಿ ಒಂದೇ ಭುಜದ ಮೇಲೆ ಕೂರೋದು, ಅಲ್ಲಿ ಬಟ್ಟೆ ತೆಳ್ಳಗಾಗಿ ಬಣ್ಣ ಬೇರೆ ಆಗಿರುತ್ತೆ. ಸೊಂಟದ ಹತ್ರ ಬ್ಯಾಗ್ ತಿಕ್ಕಿದ ಕಡೆನೂ ನೋಡು. ಜೇಬಿನ ಒಳಗೆ ಬೆರಳು ಹಾಕು, ಮೂಲೇಲಿ ಏನಾದ್ರೂ ಸಿಕ್ರೆ ಬಿಸಾಕ್ಬೇಡ, ಟಿಕೆಟ್ ಚೂರೂ ಬಟ್ಟೆಯ ಭಾಗಾನೇ. ಜೇಬಿನ ಅಂಚಲ್ಲಿ ಪೆನ್ನಿನ ಇಂಕು ಯಾವ ಬಣ್ಣ? ಗುಂಡಿ ಎಲ್ಲ ಒಂದೇ ಥರ ಇದೆಯಾ, ಬದಲಾಯಿಸಿದ್ದಿದೆಯಾ, ಬದಲಾಯಿಸಿದ್ರೆ ಯಾವ ದಾರ? ಟೈಲರ್ ಹೊಲಿಗೇನಾ ಅಮ್ಮನ ಹೊಲಿಗೇನಾ ಅಂತ ನಿನಗೇ ಗೊತ್ತಾಗುತ್ತೆ. ಒಂದೊಂದಕ್ಕೂ ಒಂದೊಂದು ಚೌಕದಲ್ಲಿ ಚಿತ್ರ ಬಿಡಿಸು, ಡೈಲಾಗ್ ಬೇಡ, ಅಪ್ಪನ ಮುಖಾನೂ ಈಗ್ಲೇ ಬೇಡ.

ಕೊನೇಗೆ ಕಾಲರ್ ಎತ್ತಿ ಹಿಂದೆ ನೋಡು. ಆ ಕಾಲದಲ್ಲಿ ಕಾಲರ್ ಸವೆದ್ರೆ ಬಿಚ್ಚಿ, ತಿರುಗಿಸಿ, ಸವೆದ ಕಡೆ ಒಳಗೆ ಮಾಡಿ ಹೊಲಿಸೋರು. ತಿರುಗಿಸಿದ್ದಾರಾ ಇಲ್ವಾ ಅಂತ ನನಗೊಂದು ಸಾಲು ಬರಿ.